ಎಲೆಯ ಮುಂದೆ ಇಂಗ್ಲಿಷು

ನಮ್ಮ ಮನೆತನದಲ್ಲಿ ಬಿ.ಎ. ಮಾಡಿದವರಲ್ಲಿ ಮೊದಲಿಗ ನಾನು. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ಕೊಪ್ಪದಲ್ಲಿ ಅಡಿಕೆ ಮಂಡಿ ಇಟ್ಟಿದ್ದ ರಾಯರೊಬ್ಬರು, ತಾವು ಅನ್ನ ಹಾಕಿದ್ದರಿಂದಲೇ ನಾನು ಮನುಷ್ಯನಾದೆನೆಂದು ಸಾಯುವವರೆಗೂ ಹೇಳಿಕೊಂಡು ತಿರುಗಿದರು. ಹೇಗೆ ಹಾಕಿದರು ಎಂಬುದನ್ನು ಅವರು ಹೇಳಲಿಲ್ಲ. ನಾನು ಹೇಳುತ್ತೇನೆ.

ಅಪ್ಪ ಶೃಂಗೇರಿ ಹತ್ತಿರದ ಮೆಣಸೆ ಕಡೆ ಮದುವೆ, ಮುಂಜಿಗಳಿಗೆ ಅಡಿಗೆ ಮಾಡುತ್ತಿದ್ದರು. ಮೂವತ್ತರ ದಶಕದಲ್ಲಿ ನನ್ನನ್ನು ಮಿಡ್ಲ್ ಸ್ಕೂಲಿಗೆಂದು ಕೊಪ್ಪಕ್ಕೆ ಕಳಿಸಿದಾಗ ವಾರಾನ್ನವೇ ಗತಿಯಾಯಿತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಉಳಿದ ಮನೆಗಳಲ್ಲಿ ಇದ್ದದ್ದನ್ನು ಬಡಿಸಿ ಸುಮ್ಮನಿರುತ್ತಿದ್ದರು. ಗುರುವಾರದ ಮನೆ ಈ ರಾಯರದು.

ರಾಯರಿಗೆ ಅರ್ಧಂಬರ್ಧ ಇಂಗ್ಲಿಷು ಬರುತ್ತಿತ್ತು. ನಾನು ಎಲೆಯ ಮುಂದೆ ಕೂತ ಮೇಲೆ ಅವರ ಪಾಠ ಶುರು.

"ಎಂತ ಮಾಣಿ, ಹಸಿವಾ? ಹಾಗಾದ್ರೆ ಹೇಳು. ಈಟ್?"

"ಈಟ್, ಏಟ್, ಈಟನ್."

"ಡ್ರಿಂಕ್?"

ಒಂದು ತಪ್ಪಿದರೆ ತುಪ್ಪವಿಲ್ಲ. ಇನ್ನೊಂದು ತಪ್ಪಿದರೆ ಹುಳಿಯಿಲ್ಲ. ಮತ್ತೂ ತಪ್ಪಿದರೆ ಬರೀ ಅನ್ನ, ಮಜ್ಜಿಗೆ. ಶಾಲೆಯಲ್ಲಿ ಪಟಪಟನೆ ಹೇಳುತ್ತಿದ್ದವನು ಅಲ್ಲಿ ಒಗ್ಗರಣೆಯ ವಾಸನೆ ಮೂಗಿಗೆ ಬಡಿದ ಕೂಡಲೇ ತಡವರಿಸುತ್ತಿದ್ದೆ. ಪಕ್ಕದ ಎಲೆಯಲ್ಲಿ ಅವರ ಮಗ, ನನ್ನದೇ ತರಗತಿಯವನು, ತುಪ್ಪ ಕಲಸಿಕೊಂಡು ಉಣ್ಣುತ್ತ, "ಅಪ್ಪಯ್ಯ, ಇವತ್ತೂ ಹುಳಿ ಹೋಯ್ತು" ಎಂದು ನಗುತ್ತಿದ್ದ. ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಬಡಿಸಲು ನಿಂತ ಅವನ ತಾಯಿ ಸೌಟು ಹಿಡಿದುಕೊಂಡು ಗಂಡನ ಮುಖ ನೋಡುವರು.

ನಾನು ಹಟ ಹಿಡಿದೆ. ಶಾಲೆಗೆ ಹೋಗುವಾಗ, ಬಟ್ಟೆ ಒಗೆಯುವಾಗ, ಸ್ನಾನಕ್ಕೆ ನೀರು ಸೇದುವಾಗ ಅದೇ ಜಪ. ಇವತ್ತಿನದು, ನಿನ್ನೆಯದು, ಆಗಿಹೋದದ್ದು, ಆಗುತ್ತಿರುವುದು, ಆಗಬೇಕಾದದ್ದು. ಬಾವಿಕಟ್ಟೆಯಲ್ಲಿದ್ದ ಹೆಂಗಸೊಬ್ಬಳು, "ಸಂಧ್ಯಾವಂದನೆ ಇಷ್ಟು ಉದ್ದ ಇರ್ತದಾ ಮಾರಾಯ?" ಎಂದು ಕೇಳಿದ್ದುಂಟು.

ಕೆಲವು ತಿಂಗಳ ಮೇಲೆ ಒಂದು ಗುರುವಾರ ರಾಯರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ರಾಯರು ತಮ್ಮ ಮಗಳನ್ನು ಕೊಡಬೇಕೆಂದಿದ್ದ ನರಸಿಂಹರಾಜಪುರದ ಮನೆಯವರು ಬಂದಿದ್ದರು. ಶೃಂಗೇರಿಯಿಂದ ಬಂದ ವೃದ್ಧ ಶಾಸ್ತ್ರಿಗಳು ಪಂಕ್ತಿಯ ತಲೆಯಲ್ಲಿ ಕೂತಿದ್ದರು. ನನ್ನನ್ನು ಕೊನೆಯಲ್ಲಿ ಕೂರಿಸಿ, ಎಲ್ಲರಿಗೂ ಕೇಳುವಂತೆ ರಾಯರು ಪಾಠ ಶುರು ಮಾಡಿದರು. ನಾನು ಒಂದರಲ್ಲೂ ತಪ್ಪಲಿಲ್ಲ. ಅವರು ಸಾಕೆಂದ ಮೇಲೂ ಅವರು ಕೇಳದಿದ್ದವನ್ನು ಹೇಳಿದೆ. ಬೀಗರಾಗುವವರು, "ಭೇಷ್, ಮಾಣಿ ಚುರುಕಿದ್ದಾನೆ" ಎಂದರು.

ರಾಯರು ನಕ್ಕರು. "ಚುರುಕು ಎಂತದು. ಅನ್ನ ತೋರ್ಸಿ ತೋರ್ಸಿ ಕಲಿಸಿದ್ದು. ಹೀಗೆ ಮಾಡಿದ್ರೆ ನಮ್ಮನೆ ನಾಯಿನೂ ಕಲೀತಿತ್ತು."

ಪಂಕ್ತಿಯೆಲ್ಲ ನಕ್ಕಿತು. ಮಗ ಎಲ್ಲರಿಗಿಂತ ಜೋರಾಗಿ ನಕ್ಕ.

ಅಡಿಗೆಯವನ ಮಗ ನಾನು. ಪಂಕ್ತಿಯ ನೇಮ ನನಗೆ ಯಾರೂ ಕಲಿಸಬೇಕಿರಲಿಲ್ಲ. ಊಟದ ಕೊನೆಗೆ ಅಂಗೈಯಲ್ಲಿ ನೀರು ಹಾಕಿಸಿಕೊಂಡು ಕುಡಿಯುವುದು ಉತ್ತರಾಪೋಶನ. ಅದಾದರೆ ಊಟ ಮುಗಿದಂತೆ. ಒಬ್ಬ ಅದನ್ನು ಮಾಡಿ ಎದ್ದರೆ ಮಡಿವಂತರು ಮುಂದಿನ ತುತ್ತು ಮುಟ್ಟುವುದಿಲ್ಲ. ಅದಕ್ಕೇ ಹಿರಿಯರು ಏಳುವವರೆಗೆ ಎಂಥ ಹಸುಳೆಯೂ ಕಾಯುತ್ತದೆ.

ನಾನು ಕಾದದ್ದು ಹೋಳಿಗೆಗೆ. ಅನ್ನ, ತೊವ್ವೆ ಮುಗಿಯಿತು. ಹೋಳಿಗೆ ಎಲ್ಲರ ಎಲೆಗೂ ಬಿತ್ತು, ಮೇಲೆ ತುಪ್ಪವೂ ಬಿತ್ತು. ಅವತ್ತು ನನ್ನ ಎಲೆಗೂ ಧಾರಾಳವಾಗಿ. ಶಾಸ್ತ್ರಿಗಳು ಹೋಳಿಗೆಗೆ ಕೈ ಹಾಕುವಷ್ಟರಲ್ಲಿ ನಾನು ಪಕ್ಕದ ತಂಬಿಗೆಯಿಂದ ಅಂಗೈಗೆ ನೀರು ಬಗ್ಗಿಸಿಕೊಂಡು ಕುಡಿದು ಎದ್ದು ನಿಂತೆ.

"ಏ ಮಾಣಿ, ಕೂರು. ಎಂತ ಮಾಡ್ತಿದ್ದಿ?" ರಾಯರ ಧ್ವನಿ ಒಡೆದಿತ್ತು.

"ನನ್ನ ಊಟ ಆಯ್ತು" ಎಂದೆ.

ಶಾಸ್ತ್ರಿಗಳು ಕೈ ಹಿಂದೆಳೆದುಕೊಂಡರು. "ಪಂಕ್ತಿ ಎದ್ದಾಯ್ತಲ್ಲ ರಾಯರೆ" ಎಂದಷ್ಟೇ ಹೇಳಿ ನೀರು ಕುಡಿದರು. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಹೋಳಿಗೆ ಮುಟ್ಟಿದವರಿಲ್ಲ. ನಾನು ಕೈತೊಳೆದು ಹೊರಗೆ ಬಂದಾಗ ತುಂಬಿದ ಎಲೆಗಳನ್ನು ಕೊಟ್ಟಿಗೆಗೆ ಒಯ್ಯುತ್ತಿದ್ದರು.

ಅದರ ಬೆಲೆ ಏನೆಂದು ನನಗೆ ಗೊತ್ತಿತ್ತು. ರಾಯರು ಮನೆಮನೆಗೆ ಹೋಗಿ, ಪಂಕ್ತಿ ಕೆಡಿಸುವ ಮಾಣಿಯೆಂದು ಸಾರಿದರು. ಸೋಮವಾರದ ಮನೆ ಹೋಯಿತು, ಮಂಗಳವಾರದ್ದು ಹೋಯಿತು, ಒಂದೂ ಉಳಿಯಲಿಲ್ಲ. ಶಾಲೆ ಬಿಟ್ಟು ಅಪ್ಪನ ಹಿಂದೆ ಸೌಟು ಹಿಡಿಯುವುದೊಂದೇ ಬಾಕಿ. ಆಗ ಬಸ್ಸು ನಿಲ್ಲುವಲ್ಲಿದ್ದ ಹೋಟೆಲಿನವರು, ದೋಸೆಗೆ ರುಬ್ಬಿಕೊಟ್ಟರೆ ಎರಡು ಹೊತ್ತು ಊಟ ಎಂದರು. ರುಬ್ಬಿದೆ. ಗುಂಡು ಒಂದು ಸುತ್ತು ತಿರುಗಿದರೆ ಒಂದು ಕ್ರಿಯಾಪದ ಮುಗಿಯುತ್ತಿತ್ತು.

ಪರೀಕ್ಷೆ ಹತ್ತಿರ ಬಂದಾಗ ರಾಯರೇ ಹೋಟೆಲಿನ ಹಿತ್ತಿಲಿಗೆ ಬಂದರು. ಒಳಗೆ ಕಾಲಿಡದೆ, ಮೂಗಿಗೆ ಪಂಚೆಯ ತುದಿ ಹಿಡಿದು ನಿಂತರು.

"ಮಾಣಿ, ಆದದ್ದು ಆಯ್ತು. ನಮ್ಮವನಿಗೆ ಇಂಗ್ಲಿಷ್ ತಲೆಗೇ ಹತ್ತೂದಿಲ್ಲ. ಸ್ವಲ್ಪ ಹೇಳ್ಕೊಡು. ವಾರಪೂರ್ತಿ ನಮ್ಮನೇಲೇ ಉಣ್ಣು."

ನಾನು ಗುಂಡು ನಿಲ್ಲಿಸಲಿಲ್ಲ. "ಅನ್ನ ತೋರ್ಸಿ ಕೇಳಿ ನೋಡಿ ರಾಯರೆ, ಬರ್ತದೆ" ಎಂದೆ.

ಅವರ ಮಗ ಆ ವರ್ಷ ಇಂಗ್ಲಿಷಿನಲ್ಲಿ ನಪಾಸಾದ, ಮರುವರ್ಷವೂ ಆದ, ಆಮೇಲೆ ಮಂಡಿಯಲ್ಲಿ ಕೂತ. ಪಾಪ ಅನ್ನಿಸಲಿಲ್ಲವೇ ಎಂದು ನನ್ನ ಹೆಂಡತಿ ಒಮ್ಮೆ ಕೇಳಿದಳು. ಇಲ್ಲ. ಫಲಿತಾಂಶದ ದಿನ ಅವನು ಶಾಲೆಯ ಗೋಡೆಯ ಮುಂದೆ ತಲೆ ತಗ್ಗಿಸಿ ನಿಂತಿದ್ದ. ನಾನು ಅವನ ಪಕ್ಕದಲ್ಲೇ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದೆ.