ರದ್ದಾದ ನಿಯಮ, ಕಟ್ಟಿಹಾಕಿದ ಕುದುರೆ

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ. ನನಗೆ ವಕೀಲಿ ಸನ್ನದು ಸಿಕ್ಕಿ ವರ್ಷವೂ ತುಂಬಿರಲಿಲ್ಲ. ಆದರೂ ಶಿಡ್ಲಘಟ್ಟದ ಕೋರ್ಟಿನಲ್ಲಿ ನನ್ನಷ್ಟು ಕಾನೂನು ಬಲ್ಲವರಿಲ್ಲ ಎಂಬ ಕೊಬ್ಬು.

ಜಟಕಾ ಓಡಿಸುವ ತಾತನೊಬ್ಬ ನನ್ನ ಕಕ್ಷಿದಾರ. ಮೇಲೂರಿಂದ ರೇಷ್ಮೆಗೂಡಿನ ಚೀಲಗಳ ಜೊತೆ ಆರು ಜನರನ್ನೂ ಹೇರಿಕೊಂಡು ಬರುವಾಗ ಪೊಲೀಸರು ಹಿಡಿದಿದ್ದರು. ಪ್ರಾಣಿಗಳಿಗೆ ಮಿತಿಮೀರಿ ಹೊರೆ ಹೇರಬಾರದೆಂಬ ಹಳೆಯ ನಿಯಮವಿತ್ತು. ಕುದುರೆಯನ್ನು ಜಪ್ತಿ ಮಾಡಿ ದೊಡ್ಡಿಯಲ್ಲಿ ಕಟ್ಟಿದರು.

"ಗೂಡು ಹಗುರ ಲಾಯರಮ್ಮ. ಆದ್ರೆ ಗೂಡು ಬೆಳೆದೋರು ಅದೊಂದನ್ನೇ ಕಳಿಸ್ತಾರಾ? ಹರಾಜಾಗೋವರ್ಗೂ ಚೀಲದ ಮೇಲಿಂದ ಕೈ ತೆಗೆಯಲ್ಲ, ಅವರೂ ಹತ್ಕೊಂಡ್ರು. ತಪ್ಪೊಪ್ಕೊಂಡು ದಂಡ ಕಟ್ಬಿಡ್ತೀನಿ, ನನ್ ಗುರ್ರಂ ಬಿಡಿಸ್ಕೊಡಮ್ಮ" ಎಂದ ತಾತ, ಕುದುರೆಯನ್ನು ತೆಲುಗಿನಲ್ಲೇ ಕರೆಯುತ್ತಾ.

ನಾನು ಕೇಳಬೇಕಲ್ಲ. ಆ ನಿಯಮವನ್ನೇ ರದ್ದು ಮಾಡಿ ಹೊಸದು ತರುತ್ತಾರೆಂಬ ಸುದ್ದಿ ಕಿವಿಗೆ ಬಿದ್ದಿತ್ತು. "ತಾಯಿ ಸತ್ತ ಮೇಲೆ ತವರೆಲ್ಲಿ ತಾತ? ನಿಯಮವೇ ಹೋದ್ಮೇಲೆ ಕೇಸೆಲ್ಲಿರುತ್ತೆ? ವಾಯಿದೆ ತಗೊಳ್ತಾ ಹೋಗಣ" ಎಂದೆ.

ಕೇಸು ಮುಗಿಯುವವರೆಗೆ ಕುದುರೆ ಬಿಡುವುದಿಲ್ಲ ಎಂದಿತು ಕೋರ್ಟು. ವಾಯಿದೆ ಮೇಲೆ ವಾಯಿದೆ. ತಾತ ಹುಲ್ಲು ಹೊತ್ತು ದೊಡ್ಡಿಗೆ ಹೋಗಿ, ಆಮೇಲೆ ಕೋರ್ಟಿಗೆ ಬರುತ್ತಿದ್ದ. ಗೊರಸು ಕತ್ತರಿಸಲು ಲಾಳ ಕಟ್ಟುವವನನ್ನು ಕರೆದೊಯ್ದರೆ, ಜಪ್ತಿ ಮಾಲು ಮುಟ್ಟಬಾರದೆಂದು ಕಾವಲಿನವನು ಒಳಗೆ ಬಿಡಲಿಲ್ಲವಂತೆ. ಅರ್ಜಿ ಹಾಕಿದ್ದರೆ ಆಗುತ್ತಿತ್ತೇನೋ. "ಇನ್ನೇನು ನಿಯಮ ರದ್ದಾಗೇಬಿಡುತ್ತೆ ತಾತ" ಎಂದು ಸಾಗಹಾಕಿದೆ. ನಿಜ ಹೇಳಬೇಕೆಂದರೆ ನನಗೆ ಭಯ ಹತ್ತಿತ್ತು. ಈಗ ತಪ್ಪೊಪ್ಪಿಸಿದರೆ ಇಷ್ಟು ತಿಂಗಳು ಯಾಕೆ ಕಾಯಿಸಿದೆ ಎಂದು ಕೇಳುತ್ತಾನೆ. ಒಪ್ಪಿಸದಿದ್ದರೆ ಕುದುರೆ ಅಲ್ಲೇ. ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದೆ.

ಕೊನೆಗೂ ಆ ನಿಯಮ ರದ್ದಾಗಿ ಹೊಸದು ಬಂತು. ಬೀಗುತ್ತಾ ಹೋಗಿ ನಿಂತೆ. ಮ್ಯಾಜಿಸ್ಟ್ರೇಟರು ಸಮಾಧಾನದಿಂದಲೇ ಹೇಳಿದರು: "ರದ್ದಾಗಿರೋದು ಇನ್ನು ಮುಂದಕ್ಕೆ ಕಣಮ್ಮ. ಅದು ಜಾರಿಯಲ್ಲಿದ್ದಾಗ ಮಾಡಿದ ತಪ್ಪು, ಹೂಡಿದ ಕೇಸು ಹಾಗೇ ಉಳಿಯುತ್ತೆ. ಓದಿಲ್ವಾ?"

ಓದಿದ್ದೆ. ಪರೀಕ್ಷೆಗೆ ಓದಿ ಅಲ್ಲೇ ಬಿಟ್ಟು ಬಂದಿದ್ದೆ, ದರಿದ್ರದವಳು.

ಅವತ್ತೇ ತಪ್ಪೊಪ್ಪಿಕೊಂಡು ದಂಡ ಕಟ್ಟಿದೆವು. ಕುದುರೆ ಹೊರಗೆ ಬಂತು. ವರ್ಷದ ಮೇಲೆ ನಿಂತಲ್ಲೇ ನಿಂತು ಗೊರಸುಗಳು ಬೆಳೆದು ಹಳೇ ಚಪ್ಪಲಿಯ ಹಾಗೆ ಮೇಲಕ್ಕೆ ಮುರುಟಿದ್ದವು. ನಾಲ್ಕು ಹೆಜ್ಜೆ ಕುಂಟಿ ನಿಂತುಬಿಟ್ಟಿತು. ಪಶುವೈದ್ಯರು ಕಾಲೆತ್ತಿ ನೋಡಿ, ಇದಿನ್ನು ಸರಿಹೋಗುವುದಿಲ್ಲ, ಹೊಸ ನಿಯಮದ ಪ್ರಕಾರ ಕುಂಟುವ ಕುದುರೆಯನ್ನು ಗಾಡಿಗೆ ಕಟ್ಟುವಂತಿಲ್ಲ ಎಂದರು.

ತಾತ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುದುರೆಯ ಕಾಲು ನೀವುತ್ತಾ ಕೇಳಿದ: "ಹಳೇದು ಹೋದ್ಮೇಲೂ ಹಿಡ್ಕೊಂಡೇ ಇತ್ತು. ಹೊಸದು ಬರ್ತಿದ್ದಂಗೆ ಹಿಡ್ಕೊಂತು. ನಡುವೆ ಒಂದಿನ ಆದ್ರೂ ಬಿಟ್ಟಿತ್ತೇನಮ್ಮ?"

"ಬಿಡ್ತಿತ್ತು ತಾತ, ಮೊದಲನೇ ದಿನ ನಿನ್ನ ಮಾತು ಕೇಳಿ ದಂಡ ಕಟ್ಟಿಸಿದ್ದಿದ್ರೆ" ಎನ್ನುವ ಬದಲು, ನಾನೂ ಬಗ್ಗಿ ಕುದುರೆಯ ಇನ್ನೊಂದು ಕಾಲು ನೀವತೊಡಗಿದೆ.