ಏಳು ದಿನದ ಮಾತ್ರೆ

ಕಾದ ಕಾವಲಿಗೆ ನೀರು ಚಿಮುಕಿಸಿ ತೆಂಗಿನ ಕಡ್ಡಿಯ ಹಿಡಿಯಿಂದ ಗುಡಿಸಿದಾಗ ಒಂದು ವಾಸನೆ ಏಳುತ್ತದೆ. ಸುಟ್ಟ ಹಿಟ್ಟು, ಎಣ್ಣೆ, ಹಬೆ ಮೂರೂ ಬೆರೆತದ್ದು. ಹೋದ ವಾರ ಟಿ. ನಗರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಾವುದೋ ಹೋಟೆಲಿನ ಒಳಗಿಂದ ಅದು ಬಂತು. ನಾನು ಹತ್ತಬೇಕಿದ್ದ ಬಸ್ಸು ಹೋಯಿತು… ನಿಂತೇ ಇದ್ದೆ.

ನನ್ನ ಪಾಲಿಗೆ ಅದು ದೋಸೆ ಭಟ್ಟರ ವಾಸನೆ. ಇದೇ ಊರಿನ ಕೀಲ್ಪಾಕಿನ ಒಂದು ಉಡುಪಿ ಹೋಟೆಲಿನಲ್ಲಿ ಅವರು ಕಾವಲಿಯ ಮುಂದೆ, ನಾನು ಉಗ್ರಾಣದಲ್ಲಿ. ಇಬ್ಬರೂ ಕುಂದಾಪುರದ ಕಡೆಯವರು; ಮಹಡಿಯ ಒಂದೇ ಕೋಣೆಯಲ್ಲಿ ಹನ್ನೊಂದು ವರ್ಷ ಕಳೆದವರು. ನನ್ನ ಶಾಲೆ ಐದನೆಯ ತರಗತಿಗೆ ಮುಗಿದಿತ್ತು. ಇಂಗ್ಲಿಷನ್ನು ಬೇಳೆ ಕಟ್ಟಿ ಬರುತ್ತಿದ್ದ ಪತ್ರಿಕೆಗಳಿಂದ, ಹಳೆಯ ಪುಸ್ತಕದಂಗಡಿಗಳಿಂದ ಕಲಿತೆ. ಯಾರಿಗೆ ಕಾಗದ ಬಂದರೂ ಓದಿ ಹೇಳುವವನು ನಾನೇ; ಆ ಬಗ್ಗೆ ಜಂಬವೂ ಇತ್ತು.

ಒಂದು ಬೆಳಿಗ್ಗೆ ಹಿಟ್ಟಿನ ಪಾತ್ರೆ ಹೊತ್ತ ಭಟ್ಟರು ರುಬ್ಬುವ ಯಂತ್ರದ ಬಳಿ ಜಾರಿ ಬಿದ್ದರು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಶಸ್ತ್ರಚಿಕಿತ್ಸೆಯಾಯಿತು. ಬದುಕಿ ಬಂದರು. ಆಸ್ಪತ್ರೆಯ ಚೀಟಿಯಲ್ಲಿ ಒಂದು ಮಾತ್ರೆ ಬರೆದಿತ್ತು: ಪೆಟ್ಟಾದ ಮಿದುಳಿಗೆ ಮೊದಲ ದಿನಗಳಲ್ಲಿ ಫಿಟ್ಸ್ ಬರದಂತೆ ತಡೆಯಲು, ಏಳು ದಿನ ಮಾತ್ರ. ನಾನೇ ಓದಿ ಹೇಳಿದೆ.

ಎಂಟನೆಯ ದಿನ ಭಟ್ಟರು ಕೇಳಿದರು, "ರಾಯ್ರೆ, ಇವತ್ತಿಂದ ಬಿಡ್ಲಕ್ಕಾ?"

ಅಷ್ಟರಲ್ಲಿ ನಾನು ದಪ್ಪನೆಯ ಹಳೆಯ ವೈದ್ಯಕೀಯ ಪುಸ್ತಕವೊಂದನ್ನು ತಂದು ಓದಿದ್ದೆ. ಆ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಅಪಾಯವೆಂದು ಅದರಲ್ಲಿತ್ತು. ವೈದ್ಯರ ಚೀಟಿಗಿಂತ ನನ್ನ ಪುಸ್ತಕ ದೊಡ್ಡದೆನಿಸಿತು. "ಬಿಡ್ಬೇಡಿ" ಎಂದೆ. ಆ ಎಚ್ಚರಿಕೆ ಬರೆದದ್ದು ರೋಗವಿದ್ದವರಿಗೆ, ರೋಗವೇ ಬಾರದವರಿಗಲ್ಲ ಎಂಬುದು ಹೊಳೆಯಲಿಲ್ಲ. ಖಾಲಿ ಸ್ಟ್ರಿಪ್ ತೋರಿಸಿದರೆ ಔಷಧದಂಗಡಿಯವರು ಹೊಸದು ಕೊಡುತ್ತಿದ್ದರು…

ಎರಡು ತಿಂಗಳ ಮೇಲೆ ಭಟ್ಟರು ಕಾವಲಿಗೆ ಮರಳಲು ಹೊರಟಾಗ ಹೋಟೆಲಿನ ಧಣಿಗಳು ಮಾತ್ರೆಯನ್ನು ಕಂಡರು. ಫಿಟ್ಸ್ ಇರುವವರು ಬೆಂಕಿಯ ಮುಂದೆ ನಿಲ್ಲಬಾರದೆಂಬುದು ನಮ್ಮ ಅಡುಗೆಮನೆಯ ಕಟ್ಟಳೆ. ಕಟ್ಟಳೆ ತಪ್ಪಲ್ಲ. ಆದರೆ ಫಿಟ್ಸಿನ ಮಾತ್ರೆ ನುಂಗುವವರಿಗೆ ಫಿಟ್ಸ್ ಇದ್ದೇ ಇದೆಯೆಂದು ತೀರ್ಮಾನಿಸಿ, ಭಟ್ಟರನ್ನು ತರಕಾರಿ ಹೆಚ್ಚಲು ಕೂರಿಸಿದರು.

"ಅದು ಬರದ ಹಾಗೆ ಕೊಟ್ಟದ್ದು, ಧಣಿ," ಎಂದೆ.

"ಹಾಗಾದ್ರೆ ನಿಲ್ಲಿಸ್ಲಿ, ಕಾವಲಿ ಕೊಡ್ತೇನೆ. ನಿಲ್ಲಿಸ್ಬೇಡಿ ಅಂದದ್ದೂ ನೀವೇ ಅಲ್ವಾ, ಡಾಕ್ಟ್ರೆ?"

ನಾನು ಉಗ್ರಾಣಕ್ಕೆ ಮರಳಿದೆ.

ನಾಲ್ಕು ವರ್ಷಗಳಲ್ಲಿ ಭಟ್ಟರ ವಸಡು ಊದಿ ಹಲ್ಲುಗಳನ್ನು ಮುಚ್ಚುತ್ತ ಬಂತು. ನಡಿಗೆ ತೂರಾಡಿತು. ಅದು ಮಾತ್ರೆಯ ಕೆಲಸ; ಆದರೆ ಎಲ್ಲರೂ ರೋಗದ್ದೆಂದರು. ಒಂದೇ ಕೋಣೆಯಲ್ಲಿದ್ದ ನಾನು ಅವರಿಗೆ ಒಮ್ಮೆಯೂ ಫಿಟ್ಸ್ ಬಂದದ್ದನ್ನು ಕಾಣಲಿಲ್ಲ. ಭಟ್ಟರೇ ನಗುತ್ತಿದ್ದರು: "ನಂಗೆ ಬಂದದ್ದು ಬರೇ ಮಾತ್ರೆ ರಾಯ್ರೆ. ಫಿಟ್ಸಿಗೆ ದಾರಿ ತಪ್ಪಿತು ಕಾಣಿ."

ಕೊನೆಗೆ ಬೇರೊಬ್ಬ ವೈದ್ಯರ ಬಳಿಗೆ ಕರೆದೊಯ್ದೆ. ಅವರು ಹಳೆಯ ಚೀಟಿಯನ್ನು ಓದಿ ತಲೆಯೆತ್ತಿ ತಮಿಳಿನಲ್ಲಿ ಅಂದರು: "ಇತ್ತನೆ ವರುಷಮಾ ಯಾರು ಸಾಪ್ಪಿಡ ಸೊನ್ನಾಂಗ?" ಇಷ್ಟು ವರ್ಷ ಇದನ್ನು ನುಂಗಲು ಹೇಳಿದವರು ಯಾರೆಂದು ಅವರ ಪ್ರಶ್ನೆ. ಮೊದಲ ದಿನಗಳ ಫಿಟ್ಸನ್ನಷ್ಟೇ ಅದು ತಡೆಯುವುದು, ಮುಂದೆಂದೋ ರೋಗ ಬೇರೂರುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ ಎಂದೂ ವಿವರಿಸಿದರು.

ಭಟ್ಟರು ನನ್ನತ್ತ ನೋಡಲಿಲ್ಲ. "ತೆರಿಯಾದು ಸಾರ್," ಎಂದರು. ಗೊತ್ತಿಲ್ಲವಂತೆ.

ವೈದ್ಯರು ಮಾತ್ರೆಯನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ವಸಡು ಇಳಿಯಿತು; ತೂರಾಟ ಮಾತ್ರ ಪೂರ್ತಿ ಹೋಗಲಿಲ್ಲ. ಧಣಿಗಳೂ ಮಾತು ಉಳಿಸಿಕೊಂಡು ಒಂದು ಬೆಳಿಗ್ಗೆ ಕಾವಲಿ ಬಿಟ್ಟುಕೊಟ್ಟರು. ಭಟ್ಟರು ಹಿಟ್ಟು ಹುಯ್ದರು. ಸೌಟು ಸುತ್ತಿತು, ಕೈ ನಡುಗಿತು, ದೋಸೆ ಒಂದು ಬದಿಗೆ ಹರಿಯಿತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಅವರು ಹುಯ್ಯಲಿಲ್ಲ. ನೀರು ಚಿಮುಕಿಸಿ ಕಾವಲಿಯನ್ನು ಚೊಕ್ಕಟವಾಗಿ ಗುಡಿಸಿ, ಸೌಟನ್ನು ಕೆಳಗಿಟ್ಟು, ತರಕಾರಿಯ ಮಣೆಗೆ ಮರಳಿದರು. ಆ ವರ್ಷವೇ ಊರಿಗೆ ಹೋದರು… ಆಮೇಲೆ ತೀರಿಕೊಂಡ ಸುದ್ದಿ ಬಂತು.

ಧಣಿಗಳೂ ಈಗಿಲ್ಲ; ಹೋಟೆಲಿದ್ದಲ್ಲಿ ಬಟ್ಟೆಯಂಗಡಿ ಇದೆ. ಈ ಊರಿನ ನಮ್ಮವರು ಸೇರಿದಲ್ಲಿ ಇಂದಿಗೂ "ಫಿಟ್ಸ್ ಬಂದು ಕೆಟ್ಟ ಭಟ್ರು" ಎಂದೇ ಹೇಳುತ್ತಾರೆ. ನಾನು ಜೇಬಿನಿಂದ ಆ ಚೀಟಿ ತೆಗೆದು, ಏಳು ದಿನ ಎಂಬಲ್ಲಿ ಬೆರಳಿಟ್ಟು ತೋರಿಸುತ್ತೇನೆ. ಹಾಗಾದರೆ ಎಂಟನೆಯ ದಿನವೂ ನುಂಗಲು ಹೇಳಿದವರು ಯಾರೆಂದು ಕೆಲವರು ಕೇಳಿದ್ದುಂಟು.

ತೆರಿಯಾದು ಎಂದಿದ್ದೇನೆ.