ಮೋರ್ಯರ ಗುಡ್ಡಕ್ಕೆ ಬಳಿದ ಸುಣ್ಣ

ಗಂಗಾವತಿಯಾಚೆಯ ಗುಡ್ಡದ ಮೇಲೆ ಹಳೆಯ ಶಿಲಾಸಮಾಧಿಗಳಿವೆ. ಜನ ಮೋರ್ಯರ ಮನೆಗಳೆನ್ನುತ್ತಾರೆ. ನಾಲ್ಕು ಕಡೆ ಚಪ್ಪಡಿ, ಮೇಲೊಂದು ಮುಚ್ಚಳ. ಪ್ರವಾಸಿಗರಿಗೆ ಅವನ್ನು ತೋರಿಸುವುದು ನನ್ನ ಕೆಲಸವಾಗಿತ್ತು. ನನಗೆ ದಾರಿ ಕಲಿಸಿದವರು ಅಲ್ಲೇ ಆಡು ಕಾಯುವ ಚಾಚಾ. ಕೊನೆಯ ಸಮಾಧಿಯ ಮಗ್ಗುಲಿಗಿದ್ದ ಗವಿ ತೋರಿಸಿ, "ಕರಡಿ ವರ್ಷಾ ಇಲ್ಲೇ ಮರಿ ಹಾಕತೈತಿ. ಇದನ್ನ ದಾಟಿ ಯಾರನ್ನೂ ಕರಕೊಂಡು ಹೋಗಬ್ಯಾಡ ಬೇಟಾ" ಅಂದಿದ್ದರು.

ಮುಳ್ಳುಕಂಟಿಯಲ್ಲಿ ದಾರಿ ತಪ್ಪಿ ಪ್ರವಾಸಿಗರಿಂದ ಬೈಸಿಕೊಂಡು ನನಗೆ ಸಾಕಾಗಿತ್ತು. ಒಂದು ಮುಂಜಾನೆ ಡಬ್ಬಿಯಲ್ಲಿ ಸುಣ್ಣ ಕಲಸಿಕೊಂಡು ಹೋಗಿ ಬಂಡೆ ಬಂಡೆಗೆ ಬಾಣ ಬರೆದೆ. ಇಲ್ಲಿಂದ ಮುಂದೆ ಹೋಗಬೇಡಿ ಎನ್ನಲು ಕೊನೆಯ ಸಮಾಧಿಗೆ ಸುಣ್ಣದಿಂದಲೇ ದುಂಡಗೆ ಸುತ್ತು ಹಾಕಿದೆ. ಕರಡಿಗೂ ಉಪಕಾರ ಮಾಡಿದೆನೆಂಬ ಜಂಬ ಬೇರೆ.

ಚಾಚಾ ನೋಡಿ ಕಂಗಾಲಾದರು. "ತಿಕ್ಕಿ ತಗದಬಿಡು. ಗುಡ್ಡದಾಗ ಸುಣ್ಣ ಕಂಡ್ರ ನಮ್ಮ ಮಂದಿ ನಿಧಿ ಐತಿ ಅಂತಾರ."

"ಈಗ ಯಾರ ನಂಬ್ತಾರ ಬಿಡ್ರಿ ಚಾಚಾ" ಎಂದು ನಕ್ಕೆ. ಅತಿ ಬುದ್ಧಿವಂತನಿಗೆ ಮೂರು ಕಡೆ ಎನ್ನುವುದು ಸುಳ್ಳಲ್ಲ.

ಅಮಾವಾಸ್ಯೆಯ ಮರುದಿನ ಊರವರು ನನ್ನನ್ನು ಗುಡ್ಡಕ್ಕೆ ಕರೆದೊಯ್ದರು. ಸುತ್ತು ಹಾಕಿದ್ದ ಸಮಾಧಿಯ ಬುಡವನ್ನು ಯಾರೋ ಆಳುದ್ದ ಅಗೆದಿದ್ದರು. ಕುಂಕುಮ, ಹೋಳಾದ ನಿಂಬೆಹಣ್ಣು ಬಿದ್ದಿದ್ದವು. ಮುಚ್ಚಳದ ಚಪ್ಪಡಿ ಜಾರಿ ಗವಿಯ ಬಾಯಿಗೆ ಬಿದ್ದಿತ್ತು, ಅದರಡಿಯಲ್ಲಿ ಒಂದು ಕರಡಿಮರಿ ಜಜ್ಜಿಹೋಗಿತ್ತು. ಬೆಳಗ್ಗೆ ಎಂದಿನಂತೆ ಆಡು ಹೊಡೆದುಕೊಂಡು ಬಂದ ಚಾಚಾರ ಮೇಲೆ ತಾಯಿ ಕರಡಿ ಎರಗಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವನು ನಾನು, ಉಂಡವರು ಅವರು.

ಕೊಪ್ಪಳದ ದವಾಖಾನೆಗೆ ಹೋದಾಗ ಅವರ ಮುಖಕ್ಕೆಲ್ಲ ಪಟ್ಟಿ ಕಟ್ಟಿದ್ದರು. ಎರಡೂ ಕಣ್ಣು ಹೋಗಿವೆ ಎಂದು ಅವರ ಮಗಳು ಹೊರಗೇ ಹೇಳಿದ್ದಳು. ಪೊಲೀಸರ ಮುಂದೆ ಎಲ್ಲ ಒಪ್ಪಿಕೊಳ್ಳಬೇಕು, ಮೊದಲು ಚಾಚಾರಿಗೆ ಹೇಳಬೇಕು ಎಂದುಕೊಂಡು ಬಂದಿದ್ದೆ. "ಚಾಚಾ, ಆ ಸುಣ್ಣ" ಎಂದೆ.

ಅವರು ತಡಕಾಡಿ ನನ್ನ ಕೈ ಹಿಡಿದರು. "ಅದರ ಮಾತು ಯಾರ ಮುಂದನೂ ಆಡಬ್ಯಾಡ. ನಿನ್ನೂ ಆ ಕಳ್ಳರ ಜೋಡಿ ಸೇರಿಸ್ತಾರ. ಪೊಲೀಸರು ಗುರ್ತು ಯಾರ ಮಾಡ್ಯಾರ ಅಂತ ಕೇಳಿದ್ರು. ನಾ ಏನೂ ನೋಡಿಲ್ಲ ಅಂದೀನಿ."

ಆ ಮಾತು ಕೇಳಿ ನನಗೆ ನಿರಾಳವಾಯಿತು. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆ. ಹೊರಗೆ ಬಂದವನು ಠಾಣೆಯ ಮುಂದೆಯೇ ನಡೆದುಹೋಗಿ ಗಂಗಾವತಿಯ ಬಸ್ಸು ಹತ್ತಿದೆ.